ಮೊದಲ ಮೂರು ತಟ್ಟೆ

ಮೊನ್ನೆ ಮೊಮ್ಮಗಳು ಶ್ವೇತಾ ಮುಖ ಊದಿಸಿಕೊಂಡು ಬಂದು ಲ್ಯಾಪ್‌ಟಾಪ್ ನನ್ನ ಮುಂದಿಟ್ಟಳು. ಕಾಲೇಜಿನ ಪ್ರೋಗ್ರಾಮಿಂಗ್ ಅಸೈನ್‌ಮೆಂಟು, ಮೇಡಂ ವಾಪಸ್ ಕಳಿಸಿದ್ದಾರೆ. ಯಾಕಂತೆ? ಲೈಬ್ರರಿ ಪುಸ್ತಕ ಕೊಡೋ ಮೆಥಡ್ಡಿಗೆ ಇವಳಿಟ್ಟ ಹೆಸರು 'ಮಾಡು'. ಅದಕ್ಕೆ ಒದಗಿಸೋ ಎರಡು ಮಾಹಿತಿಗೆ, ಪ್ಯಾರಾಮೀಟರ್ ಅಂತಾರಂತೆ, ಬರೀ 'ಎ', 'ಬಿ'.

(ಕಂಪ್ಯೂಟರ್ ನನಗೆ ಬರಲ್ಲ. ಆದರೆ ಮೂವತ್ತು ವರ್ಷ ಕಾಪಿ ತಿದ್ದಿದ ಟೀಚರಮ್ಮ, ಸುಮ್ಮನಿರ್ತೀನಾ?)

ಎ ಅಂದ್ರೆ ಏನೇ, ಬಿ ಅಂದ್ರೆ ಏನೇ ಅಂತ ಕೇಳಿದೆ. "ನಂಗೆ ಗೊತ್ತಿರುತ್ತಲ್ಲ ಅಜ್ಜಿ" ಅಂದಳು.

ಅದೇ ಧೈರ್ಯದಲ್ಲಿ ನಾನೂ ಒಂದು ಚೀಟಿ ಬರೆದಿದ್ದೆ.

ಅರವತ್ತರ ದಶಕ. ದಿಬ್ಬೂರಹಳ್ಳಿಯ ನಮ್ಮನೆ ತುಂಬಾ ರೇಷ್ಮೆ ಹುಳು. ಮೈದುನನ ಹೊಸ ಹೆಂಡತಿ ಸರೋಜ ಗೌರಿಬಿದನೂರಿನ ಕಡೆಯವಳು, ಹುಳು ಸಾಕಿ ಗೊತ್ತಿಲ್ಲ. ಒಂದಿನ ನಾನು ಟೀಚರ್ ಟ್ರೈನಿಂಗ್ ಇಂಟರ್‌ವ್ಯೂಗೆ ಚಿಕ್ಕಬಳ್ಳಾಪುರಕ್ಕೆ ಹೊರಟೆ. ಹುಳು ಸಾಕೋ ಸ್ಟ್ಯಾಂಡಿನಲ್ಲಿ ಒಂದರ ಮೇಲೊಂದು ಆರು ತಟ್ಟೆ. ಕೆಳಗಿನ ಮೂರರ ಹುಳು ಹಸಿದಿದ್ದವು. ಮೇಲಿನ ಮೂರರವು ಜ್ವರಕ್ಕೆ ಕೂತಿದ್ದವು. ಅಂದರೆ ಪೊರೆ ಬಿಡೋ ಹೊತ್ತು, ಸೊಪ್ಪು ಹಾಕಲೇಬಾರದು. ಬಸ್ಸಿನ ಆತುರದಲ್ಲಿ ಸರೋಜನಿಗೆ ಗೀಚಿಟ್ಟೆ: 'ಮೊದಲ ಮೂರಕ್ಕೆ ಹಾಕು. ಉಳಿದದ್ದಕ್ಕೆ ಬೇಡ.'

ನಮ್ಮನೇಲಿ ತಟ್ಟೆ ಎಣಿಸೋದು ಕೆಳಗಿನಿಂದ. ಜೋಡಿಸೋವಾಗ ಮೊದಲು ಇಡೋದು ಕೆಳಗಿನದನ್ನೇ ಅಲ್ವಾ? ಪಾಪ, ಆ ಹುಡುಗಿಗೇನು ಗೊತ್ತು? ಮೇಲಿನಿಂದ ಎಣಿಸಿದಳು.

ಸಂಜೆ ಬಂದು ನೋಡ್ತೀನಿ, ಹಸಿದ ಹುಳು ಬರೀ ತಟ್ಟೆಯಲ್ಲಿ ತಲೆ ಎತ್ತಿ ಹುಡುಕ್ತಿವೆ. ಜ್ವರದವು ಸೊಪ್ಪಿನಡಿ ಹೂತುಹೋಗಿವೆ. ಆ ಸಲ ಅರ್ಧ ಬೆಳೆ ಕೈಬಿಟ್ಟಿತು. ಅತ್ತೆ ಸರೋಜನನ್ನು ಹಿಗ್ಗಾಮುಗ್ಗಾ ಬೈದು, ಇನ್ನು ಹುಳುಮನೆ ಹೊಸಿಲು ತುಳೀಬೇಡ ಅಂದರು. ಅವಳು ತಲೆ ತಗ್ಗಿಸಿ ನಿಂತಿದ್ದಳು. ಚೀಟಿ ಬರೆದ ಮಹಾತಾಯಿ ನಾನು? ತುಟಿಪಿಟಕ್ ಅನ್ನಲಿಲ್ಲ.

ಮಾರನೇ ದಿನ ಪ್ರತಿ ತಟ್ಟೆಗೂ ರಟ್ಟು ಕಟ್ಟಿದೆ: 'ಹಸಿದಿವೆ', 'ಜ್ವರ'. ಮನೆಯವರೆಲ್ಲ ನನ್ನ ಜಾಣತನ ಹೊಗಳಿದರು. ಹೊಗಳಿಸಿಕೊಂಡೆ ಬೇರೆ. ಈಗಲೂ ನಾಚಿಕೆಯಾಗುತ್ತೆ.

ಶ್ವೇತಾಗೆ ಇದನ್ನೆಲ್ಲ ಹೇಳಿದೆ. ಅವಳು 'ಮಾಡು' ಅಳಿಸಿ 'ಪುಸ್ತಕ ಕೊಡು' ಅಂತ ಬರೆದಳು. ಎ ಹೋಗಿ 'ಯಾವ ಪುಸ್ತಕ', ಬಿ ಹೋಗಿ 'ಯಾರಿಗೆ' ಬಂತು. ನೋಡಿ, ನನಗೂ ಅರ್ಥವಾಯ್ತು.

ಆಮೇಲೆ ಚಿಂತಾಮಣಿಯಲ್ಲಿರೋ ಸರೋಜನಿಗೆ ಫೋನ್ ಮಾಡಿದೆ. ಅವತ್ತಿನ ತಪ್ಪು ನಂದು ಕಣಮ್ಮ, ನಿಂದಲ್ಲ ಅಂದೆ.

"ನೀವು ರಟ್ಟು ಕಟ್ಟಿದಾಗಲೇ ಗೊತ್ತಾಯ್ತು ಅಕ್ಕ. ನೀವಾಗೇ ಹೇಳ್ತೀರ ಅಂತ ಕಾಯ್ತಿದ್ದೆ."

ಬಿಡಿಸಿ ಹೇಳಬೇಕಾದ್ದು ಚೀಟಿಯಲ್ಲಿ ಮಾತ್ರವಾ?