ಅವ್ವನ ಸೈಕಲ್ಲಿಗೆ ನಾನು ಮಾಡಿದ ಸಿಂಗಾರ

ನಮ್ಮೂರಿಗೆ ದಿನಕ್ಕೆ ಎರಡೇ ಬಸ್ಸು ಬರುತ್ತಿದ್ದ ಕಾಲ ಅದು. ಟೈಮಿಗೆ ಬರುತ್ತಿತ್ತು ಅಂತಲ್ಲ, ಬಂದಾಗ ಬಂತು ಅನ್ನಬೇಕು, ಅಷ್ಟೆ. ನಿಮ್ಮೂರಲ್ಲೂ ಹಾಗೇ ಇದ್ದಿರಬೇಕು. ಊರವರೆಲ್ಲ ಅರಳಿಕಟ್ಟೆ ಮೇಲೆ ಕೂತು ಕಾಯುವುದನ್ನು ರೂಢಿ ಮಾಡಿಕೊಂಡಿದ್ದರು. ನನಗೆ ಮಾತ್ರ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಊಟಕ್ಕೆ ಕೂತರೂ ಅರ್ಧಕ್ಕೇ ಎದ್ದು ಬೀದಿ ಬಾಗಿಲು ನೋಡಿ ಬರುತ್ತಿದ್ದೆ. "ಇದರ ಕಾಲ್ಗೆ ಯಾರೋ ಚಕ್ರ ಕಟ್ಟವ್ರೆ" ಎಂದು ಅಜ್ಜಿ ಬೈಯುತ್ತಿದ್ದಳು. ಆಗ ನಾನು ಆರನೇ ಕ್ಲಾಸು.

ಅವ್ವ ಅಂಗನವಾಡಿ ಟೀಚರ್. ಅವಳ ಅಂಗನವಾಡಿ ಇದ್ದದ್ದು ಕೆರೆ ಏರಿಯ ಆಚೆ, ಆರು ಕಿಲೋಮೀಟರ್ ದೂರದ ಪಾಳ್ಯದಲ್ಲಿ. ಸಂಜೆ ಅವಳು ಬಂದರೆ ಸೆರಗೆಲ್ಲ ಹುರಿದ ಹಿಟ್ಟಿನುಂಡೆಯ ವಾಸನೆ. ಅದನ್ನು ಮೂಸಿಕೊಂಡೇ ನಾನು ಅವಳ ಚೀಲ ಹುಡುಕುತ್ತಿದ್ದೆ. ಎಲ್ಲ ಸರಿಯಾಗಿಯೇ ಇತ್ತು. ಆ ವರ್ಷ ಅವಳು ಹತ್ತುತ್ತಿದ್ದ ಎಂಟೂವರೆಯ ಬಸ್ಸಿನ ಟೈಮನ್ನು ಹತ್ತು ಗಂಟೆಗೆ ಮಾಡಿಬಿಟ್ಟರು. ಅಂಗನವಾಡಿ ಬಾಗಿಲು ಒಂಬತ್ತೂವರೆಗೆ ತೆಗೆಯಬೇಕು. ನಡೆದು ಹೋದರೆ ಒಂದೂವರೆ ಗಂಟೆ. ಹಸು ಹಾಲು ಕರೆದು, ರೊಟ್ಟಿ ತಟ್ಟಿ, ಮಂಡಿ ಹಿಡಿದುಕೊಂಡ ಅಜ್ಜಿಗೆ ಬಿಸಿನೀರು ಕಾಯಿಸಿ, ನನಗೆ ಎರಡು ಜಡೆ ಹಾಕುವಷ್ಟರಲ್ಲಿ ಎಂಟೂ ಕಾಲು ಆಗಿಯೇ ಹೋಗುತ್ತಿತ್ತು. ಎರಡು ಸಲ ಸೂಪರ್‌ವೈಸರ್ ಮೇಡಂ ಬಂದಾಗ ಬಾಗಿಲಿಗೆ ಬೀಗ ಇತ್ತು. ಎರಡನೇ ಸಲ ಮೇಡಂ ಸುತ್ತಿ ಬಳಸಿ ಮಾತಾಡಲಿಲ್ಲ. "ಇನ್ನೊಂದ್ ಸಲ ಹಿಂಗಾದ್ರೆ ನಿಮ್ ಜಾಗಕ್ಕೆ ಬೇರೆಯವ್ರನ್ನ ಹಾಕ್ತೀವಿ" ಅಂದರಂತೆ. ಅವ್ವ ಅವತ್ತು ಮನೆಗೆ ಬಂದು ಚೀಲ ಕೂಡ ಇಳಿಸದೆ ಗೋಡೆಗೆ ಒರಗಿ ನಿಂತಿದ್ದಳು.

ಗುಬ್ಬಿಯ ಸೋದರಮಾವನ ಹಿತ್ತಿಲಲ್ಲಿ ಒಂದು ಲೇಡೀಸ್ ಸೈಕಲ್ ಇತ್ತು. ಮಾವನ ಮಗಳು ಮದುವೆಯಾಗಿ ಹೋದ ಮೇಲೆ ಅದರ ಮೇಲೆ ಕುಂಬಳದ ಬಳ್ಳಿ ಹಬ್ಬಿಕೊಂಡಿತ್ತು. ಅವ್ವ ಕೇಳಿದಾಗ ಮಾವ ನನ್ನ ಕಡೆ ನೋಡಿ, "ತಗಂಡೋಗು, ಮಂಜಿಗೆ ತಾನೆ?" ಅಂದ.

"ನಂಗೆ ಕಣಣ್ಣ."

ಮಾವ ಜೋರಾಗಿ ನಕ್ಕ. ಅವ್ವ ನಗಲಿಲ್ಲ. ಅವತ್ತೇ ಬಸ್ಸಿನ ಟಾಪ್ ಮೇಲೆ ಸೈಕಲ್ ಹಾಕಿಸಿಕೊಂಡು ನಮ್ಮೂರ ಪಕ್ಕದ ಸಿ.ಎಸ್. ಪುರದಲ್ಲಿ ಇಳಿದೆವು. ದಾರಿಯುದ್ದಕ್ಕೂ ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ, ಮೇಲಿನಿಂದ ಬಿದ್ದುಹೋಯಿತೇನೋ ಅಂತ ಹಿಂದೆ ಹಿಂದೆ ನೋಡುತ್ತಿದ್ದೆ.

ಸಿ.ಎಸ್. ಪುರದಲ್ಲಿ ನನ್ನ ಶಾಲೆಗೆ ಹೋಗುವ ದಾರಿಯಲ್ಲೇ ಗೌಸಣ್ಣನ ಸೈಕಲ್ ಶಾಪ್. ಒಂದು ವಾರ ನಾನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅಲ್ಲಿ ಹಾಜರು. ಗೌಸಣ್ಣ ಚಕ್ರದ ಬೆಂಡು ತೆಗೆದ, ಎರಡೂ ಟೈರು ಹೊಸದು ಹಾಕಿದ, ಬ್ರೇಕಿಗೆ ಹೊಸ ರಬ್ಬರು ಕೂರಿಸಿದ. ಸೀರೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರಕ್ಕೆ ಜಾಲರಿ ಕಟ್ಟಿದ. ರಿಜಿಸ್ಟರ್ ಇಡಲು ಮುಂದೆ ಒಂದು ಬುಟ್ಟಿ. "ಆಯ್ತಾ, ಆಯ್ತಾ" ಅಂತ ನಾನು ಕುಣಿಯುತ್ತಿದ್ದರೆ, "ಸುಮ್ನೆ ನಿಂತ್ಕೊಳಮ್ಮ, ನಟ್ಟು ಬಿದ್ದೋಯ್ತದೆ" ಎಂದು ಗದರುತ್ತಿದ್ದ.

ಮನೆಗೆ ಬಂದರೆ ಅಜ್ಜಿಯ ರಾಗ ಶುರು. "ನಮ್ಮನೆ ಸೊಸೆ ಸೈಕಲ್ ತುಳ್ಕಂಡ್ ಹೋದ್ರೆ ನೋಡಿದೋರು ಏನಂದಾರು?"

"ನೋಡಿದೋರು ನಂಗೆ ಬಸ್ ಬುಡ್ತಾರಾ ಅತ್ತೆ?" ಅಂದಳು ಅವ್ವ. ಅಜ್ಜಿ ಎಲೆ ಅಡಿಕೆ ಕುಟ್ಟುವುದನ್ನೇ ಜೋರು ಮಾಡಿದಳು. ಅಪ್ಪ ತುಮಕೂರಿನ ಮಂಡಿಯಲ್ಲಿ ಕೆಲಸಕ್ಕಿದ್ದು ಭಾನುವಾರಕ್ಕೊಮ್ಮೆ ಬರುತ್ತಿದ್ದ. ಅವನು ಸೈಕಲ್ಲನ್ನೂ ಅವ್ವನನ್ನೂ ಒಂದು ಸುತ್ತು ನೋಡಿ, "ಹುಷಾರು ಕಣೇ" ಅಂತ ಒಂದೇ ಮಾತು ಅಂದ.

ಊರಾಚೆಯ ಬಯಲಿನಲ್ಲಿ ಅವ್ವನಿಗೆ ಕಲಿಸಿದವಳು, ಬಾಡಿಗೆ ಸೈಕಲ್ಲಲ್ಲಿ ಅದಾಗಲೇ ಕಲಿತಿದ್ದ ನಾನೇ. ಹುಚ್ಚೆಳ್ಳು ಹೂಬಿಟ್ಟು ಹೊಲವೆಲ್ಲ ಹಳದಿಯಾಗಿದ್ದ ದಿನಗಳು. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಸೀಟಿನ ಮೇಲೆ ಕೂರುತ್ತಿದ್ದಳು. ನಾನು ಕ್ಯಾರಿಯರ್ ಹಿಡಿದು ಹಿಂದೆ ಓಡುತ್ತಿದ್ದೆ. ಶಾಲೆಯಲ್ಲಿ ನನ್ನನ್ನು ಬೈಯುವವರ ಮಾತನ್ನೆಲ್ಲ ಅವಳ ಮೇಲೆ ಪ್ರಯೋಗ ಮಾಡುತ್ತಿದ್ದೆ.

"ಮುಂದೆ ನೋಡವ್ವಾ! ನೆಲ ಯಾಕೆ ನೋಡ್ತೀಯಾ, ನೆಲ ಎಲ್ಲಿಗೂ ಹೋಗಲ್ಲ!"

"ಬುಡ್ಬೇಡ ಕಣೇ ಮಂಜಿ, ಬುಡ್ಬೇಡ!"

ನಾನು ಬಿಟ್ಟು ಎಷ್ಟೋ ಹೊತ್ತಾಗಿರುತ್ತಿತ್ತು. ಒಂದು ಸಂಜೆ ಅವ್ವ ಬಯಲಿನ ಆ ತುದಿಯವರೆಗೂ ಹೋಗಿ, ತಿರುಗಿಸಿಕೊಂಡು ಬಂದು, ನನ್ನ ಮುಂದೆಯೇ ಬ್ರೇಕ್ ಹಿಡಿದು ನಿಲ್ಲಿಸಿದಳು. ಉಸಿರು ಹತ್ತಿತ್ತು, ಮೂಗಿನ ಮೇಲೆಲ್ಲ ಬೆವರು, ಬಾಯಿ ತುಂಬ ನಗು. ನನ್ನವ್ವ ಅಷ್ಟು ಚೆನ್ನಾಗಿದ್ದದ್ದನ್ನು ನಾನು ಅದಕ್ಕೆ ಮುಂಚೆಯೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಸೋಮವಾರದಿಂದ ಸೈಕಲ್ಲಲ್ಲೇ ಹೋಗೋದು ಅಂತ ತೀರ್ಮಾನವಾಯಿತು.

ಭಾನುವಾರ ಸಂಜೆ ಸೈಕಲ್ಲನ್ನು ನನ್ನ ಕೈಗೆ ಒಪ್ಪಿಸಿ ಅವ್ವ ಹಿಟ್ಟು ಬೀಸಿಸಿಕೊಂಡು ಬರಲು ಹೋದಳು. ನನಗೆ ಅದೇ ಬೇಕಾಗಿತ್ತು. ಪಾಳ್ಯದವರು ಬಿಟ್ಟ ಬಾಯಿ ಬಿಟ್ಟಂತೆ ನೋಡಬೇಕು ನಮ್ಮವ್ವನ ಸೈಕಲ್ಲನ್ನ! ಕಡ್ಡಿಗಳಿಗೆ ಬಣ್ಣದ ಮಣಿ ಪೋಣಿಸಿದೆ. ಹ್ಯಾಂಡಲಿನ ತುದಿಗೆ ನನ್ನ ಜಡೆಯ ರಿಬ್ಬನ್ನು ಕಟ್ಟಿದೆ. ಹಿಂದಿನ ಮಡ್ಗಾರ್ಡಿಗೆ ರೇಡಿಯಂನಲ್ಲಿ ಕತ್ತರಿಸಿ 'ಟೀಚರ್' ಅಂತ ಅಂಟಿಸಿದೆ. ಎಲ್ಲ ಆದರೂ ಗುಬ್ಬಿಯ ಹಿತ್ತಿಲಲ್ಲಿ ಮಳೆಗೆ ನೆಂದ ರಿಮ್ಮುಗಳು ಮಾತ್ರ ಮಂಕಾಗಿಯೇ ಇದ್ದವು. ನೀರಲ್ಲಿ ಒರೆಸಿದೆ, ಬೂದಿಯಲ್ಲಿ ತಿಕ್ಕಿದೆ. ಸಮಾಧಾನವೇ ಇಲ್ಲ. ಕೊನೆಗೆ ಒಳಗಿನಿಂದ ಕೊಬ್ಬರಿ ಎಣ್ಣೆ ಬಾಟಲಿ ತಂದೆ. ನಮ್ಮ ಕಡೆ ಕೊಬ್ಬರಿ ಎಣ್ಣೆಗೇನು ಬರ, ಮನೆಮನೆಯಲ್ಲೂ ಗಾಣದ ಎಣ್ಣೆಯೇ. ಹಳೇ ಪಂಚೆ ತುಂಡಿಗೆ ಸುರಿದುಕೊಂಡು ಎರಡೂ ರಿಮ್ಮಿಗೆ ಚೆನ್ನಾಗಿ ಹಚ್ಚಿದೆ. ಒಂದು ಸಲ ಅಲ್ಲ, ಮೂರು ಸಲ. ಪಳಪಳ ಅಂದವು. ನೋಡುತ್ತಾ ನಿಂತೆ.

ಸೋಮವಾರ ಎಂಟೂ ಕಾಲಿಗೆ ಅವ್ವ ಹೊರಟಳು. ಹಸಿರು ಬಳೆ, ನೀಲಿ ಸೀರೆ. ಸೈಕಲ್ ನೋಡಿ, "ಏನ್ಲೇ ಇದು, ಮದ್ವೆ ಹೆಣ್ಣು ಮಾಡಿದ್ದೀಯಲ್ಲೇ!" ಅಂತ ನನ್ನ ಕೆನ್ನೆ ಹಿಂಡಿದಳು. ಮಣಿಗಳು ಟಕಟಕ ಅಂದುಕೊಂಡು ಬೀದಿ ತಿರುವಿನಲ್ಲಿ ಮರೆಯಾದವು. ನಮ್ಮ ಮನೆಯಿಂದ ಕೆರೆ ಏರಿಯವರೆಗೆ ದಾರಿ ಮಟ್ಟಸ, ಏರಿಯ ಮೇಲೂ ಮಟ್ಟಸ. ಏರಿ ಮುಗಿಯುವಲ್ಲಿ ಮಾತ್ರ ತೂಬಿನ ಕಾಲುವೆಯ ಕಡೆಗೆ ಒಂದು ಇಳಿಜಾರು.

ನಾನು ಶಾಲೆಗೆ ಹೊರಟವಳು ಗೌಸಣ್ಣನ ಮುಂದೆ ಕೊಚ್ಚಿಕೊಳ್ಳಲು ನಿಂತೆ. "ನಮ್ಮವ್ವ ಹೋದ್ಲು! ನೀನ್ ನೋಡ್ಬೇಕಿತ್ತು, ರಿಮ್ ಹೆಂಗ್ ಹೊಳೀತಿದ್ವು ಗೊತ್ತಾ? ಕೊಬ್ರಿ ಎಣ್ಣೆ ಹಾಕಿ ತಿಕ್ಕಿದೀನಿ!"

ಗೌಸಣ್ಣ ಪಂಪ್ ಒತ್ತುವುದನ್ನು ನಿಲ್ಲಿಸಿದ. "ರಿಮ್ಮಿಗಾ? ರಿಮ್ಮಿಗೆ ಎಣ್ಣೆ ಹಾಕ್ದ್ಯಾ?"

"ಹೂಂ, ಎರಡಕ್ಕೂ."

"ಅಯ್ಯೋ ನಿನ್ನ! ಬ್ರೇಕ್ ರಬ್ಬರ್ ಹಿಡಿಯೋದು ಅದನ್ನೇ ಅಲ್ವೇನಮ್ಮ! ಜಾರ್ತದೆ, ಹಿಡಿಯಲ್ಲ!"

ಚೀಲ ಅಲ್ಲೇ ಬಿಸಾಡಿ ಓಡಿದೆ. ನಮ್ಮೂರು ದಾಟಿ, ಅರಳಿಕಟ್ಟೆಯವರು "ಎಲ್ಲಿಗ್ಲೇ?" ಅಂದರೂ ನಿಲ್ಲದೆ, ಏರಿ ಹತ್ತಿದೆ. ಏರಿ ಅಷ್ಟು ಉದ್ದ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಪಕ್ಕೆ ಹಿಡಿದುಕೊಂಡಿತು, ಬಾಯಿ ಒಣಗಿತು. 'ದೇವರೇ ಬ್ರೇಕ್ ಹಿಡಿಲಿ, ಬ್ರೇಕ್ ಹಿಡಿಲಿ' ಎಂದು ಅಳುತ್ತಲೇ ಓಡಿದೆ. ಆಗಲೇ ಒಂಬತ್ತು ಗಂಟೆ ದಾಟಿತ್ತು. ಆಗುವುದು ಆಗಿಹೋಗಿರುತ್ತದೆ ಅಂತ ನನ್ನ ತಲೆಗೆ ಹೊಳೆಯಲೇ ಇಲ್ಲ.

ಇಳಿಜಾರಿನ ಕೆಳಗೆ ಕಾಲುವೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ನನ್ನನ್ನು ನೋಡಿ ಸೊಂಟ ಹಿಡಿದುಕೊಂಡು ನಕ್ಕರು. "ನಿಮ್ಮವ್ವ ಇವತ್ತು ಏರೋಪ್ಲೇನ್ ಬುಟ್ಲು ಕಣೇ! ಸೀದಾ ಬಂದು ಕಾಲ್ವೆಗೆ!" ದಡದ ಕೆಸರಿನಲ್ಲಿ ಚಕ್ರ ಹೋದ ಗೆರೆ ಇತ್ತು, ಹಸಿರು ಬಳೆಯ ಚೂರುಗಳಿದ್ದವು. ನಗುತ್ತಿದ್ದಾರೆ ಅಂದರೆ ಜೀವ ಇದೆ. ನನಗೆ ಹೊಳೆದದ್ದು ಅಷ್ಟೇ.

ಪಾಳ್ಯದ ಅಂಗನವಾಡಿಯ ಮೆಟ್ಟಿಲ ಮೇಲೆ ಅವ್ವ ಕೂತಿದ್ದಳು. ಸೀರೆಯೆಲ್ಲ ಕೆಸರು. ಊದಿದ ಎಡಗೈ ಮಣಿಕಟ್ಟಿಗೆ ಒದ್ದೆ ಬಟ್ಟೆ ಸುತ್ತಿಕೊಂಡು, ಒಳಗೆ ಸಾಲಾಗಿ ಕೂತ ಮಕ್ಕಳಿಗೆ "ಒಂದು ಎರಡು" ಹೇಳಿಕೊಡುತ್ತಿದ್ದಳು. ಒಂಬತ್ತೂವರೆಗೆ ಸರಿಯಾಗಿ ಬಾಗಿಲು ತೆಗೆದಿದ್ದಳಂತೆ. ನನ್ನನ್ನು ಕಂಡು, "ನಿನಗ್ಯಾರ್ಲೇ ಹೇಳಿದ್ರು? ಸ್ಕೂಲ್ ಬುಟ್ಟು ಬಂದ್ಯಾ?" ಅಂತ ಗದರಿದಳು. ಆಮೇಲೆ, "ಏನಿಲ್ಲ ಕಣೇ, ಬಿದ್ದೆ" ಅಂದಳು.

ಆಗಲೇ ಹೇಳಬೇಕಿತ್ತು. ಅವಳ ಕೈಯನ್ನೇ ನೋಡುತ್ತಾ ನಿಂತೆ.

ಸಂಜೆ ಮನೆಯಲ್ಲಿ ಪಂಚಾಯಿತಿ. ಪಕ್ಕದ ಮನೆಯವರೂ ಬಂದು ಕೂತರು. ಅಜ್ಜಿ ಅರಿಶಿನ ಬಿಸಿ ಮಾಡಿ ಕೈಗೆ ಹಚ್ಚುತ್ತಾ, "ಬಡ್ಕಂಡೆ ನಾನು. ಬ್ರೇಕ್ ಅಂತ ಒಂದ್ ಇರ್ತದಲ್ಲ, ಅದನ್ನಾದ್ರೂ ಹಿಡೀಬಾರ್ದಾ?" ಅಂದಳು. "ಗಾಬ್ರೀಲಿ ಹಿಡಿದಿರಲ್ಲ ಬುಡಿ, ಹೆಂಗಸ್ರಿಗೆ ಅಷ್ಟು ಬೇಗ ಕೈ ಓಡಲ್ಲ" ಅಂದರು ಪಕ್ಕದ ಮನೆಯವರು. ಅವ್ವ ಮೊದಲು, "ಹಿಡಿದೆ ಅನ್ಸುತ್ತೆ" ಅಂದಳು. ಎಲ್ಲರೂ ನಕ್ಕರು. ಸ್ವಲ್ಪ ಹೊತ್ತಿಗೆ ಅವಳೇ, "ಕೈ ಓಡ್ಲಿಲ್ಲ ನಂಗೆ" ಅಂದಳು. ನಾನು ಕಂಬದ ಹಿಂದೆ ನಿಂತು ಉಗುರು ಕಚ್ಚುತ್ತಿದ್ದೆ. ನಾಳೆ ಹೇಳೋಣ ಅಂದುಕೊಂಡೆ.

ಆ ನಾಳೆ ಬರಲಿಲ್ಲ, ಯಾಕೆ ಅಂತಲೂ ಹೇಳಿಬಿಡುತ್ತೇನೆ. ಮಾರನೇ ದಿನ ಅವ್ವ, "ನಂಗದು ಒಗ್ಗಲ್ಲ. ಮಂಜಿ ತುಳ್ಕಂಡ್ ಹೋಗ್ಲಿ ಬುಡು" ಅಂದಳು. ಸೈಕಲ್ ನನ್ನದಾಯಿತು. ನನಗೆ ಖುಷಿಯಾಯಿತು. ಥೂ, ಬರೆಯಲೂ ನಾಚಿಕೆ, ಆದರೆ ಆಯಿತು. ರಿಮ್ಮುಗಳನ್ನು ಸೀಗೆಪುಡಿ ಹಾಕಿ ತಿಕ್ಕಿ ತೊಳೆದು, ಬೆಲ್ಲು ಬಾರಿಸಿಕೊಂಡು ಶಾಲೆಗೆ ಹೋದೆ. ಗೌಸಣ್ಣ ಶಾಪಿನಿಂದಲೇ ಕೂಗಿದ, "ಅವ್ವಂಗೆ ಹೇಳ್ದ್ಯಾ?" "ಹೇಳ್ದೆ" ಅಂದೆ. "ಒಳ್ಳೇ ಹುಡ್ಗಿ" ಅಂದ. ಅವತ್ತಿನಿಂದ ನಾನು ಶಾಲೆಗೆ ಸಂತೆಬೀದಿಯಿಂದ ಸುತ್ತು ಹಾಕಿಕೊಂಡು ಹೋಗತೊಡಗಿದೆ.

ಅವ್ವ ನಡೆದಳು. ಕತ್ತಲಿರುವಾಗಲೇ ಎದ್ದು, ಏಳೂವರೆಗೆ ಮನೆ ಬಿಟ್ಟು, ರಿಟೈರ್ ಆಗುವವರೆಗೂ ನಡೆದಳು. ಅವಳು ಹೊರಡುವಾಗ ನಾನಿನ್ನೂ ಮುಖ ತೊಳೆದಿರುತ್ತಿರಲಿಲ್ಲ. ನನ್ನ ಎರಡು ಜಡೆ ಆ ವಾರವೇ ಒಂದಾಯಿತು, ಅದನ್ನೂ ನಾನೇ ಹಾಕಿಕೊಳ್ಳುತ್ತಿದ್ದೆ. ಅದೆಲ್ಲ ಹೇಗೋ ನಡೆಯಿತು ಬಿಡಿ. ನಡೆಯದೇ ನಿಂತದ್ದು ಬೇರೆಯೇ. ಮಿಕ್ಸಿ ತಂದರೆ, ಮೊಬೈಲ್ ಕೊಡಿಸಿದರೆ, ಎಟಿಎಂಗೆ ಕರೆದುಕೊಂಡು ಹೋದರೆ ಅವ್ವನದು ಒಂದೇ ಮಾತು: "ಸೈಕಲ್ಲೇ ಬರ್ಲಿಲ್ಲ ನಂಗೆ, ಇದೆಲ್ಲ ಬಂದಾತಾ?" ಬಯಲಿನ ತುದಿಯಿಂದ ತಿರುಗಿಸಿಕೊಂಡು ಬಂದು ನನ್ನ ಮುಂದೆ ಸೈಕಲ್ ನಿಲ್ಲಿಸಿದ ಹೆಂಗಸು ಎಲ್ಲಿಗೆ ಹೋದಳು ಅಂತ ನನಗೊಬ್ಬಳಿಗೇ ಗೊತ್ತಿತ್ತು.

ಈಗ ನಾನು ತುಮಕೂರಿನ ಶೆಟ್ಟಿಹಳ್ಳಿಯಲ್ಲಿದ್ದೇನೆ. ಮೊನ್ನೆ ಹೊಸ ಸ್ಕೂಟರ್ ತಂದೆ. ಮನೆಗೆ ಬಂದಿದ್ದ ಅವ್ವನಿಗೆ, "ಗೇರೂ ಇಲ್ಲ ಏನೂ ಇಲ್ಲ, ಖಾಲಿ ರೋಡಲ್ಲಿ ಒಂದ್ ಸಲ ಬುಡವ್ವ" ಅಂದೆ. ಅವಳು ಅದೇ ಮಾತು ತೆಗೆದಳು. "ಬ್ರೇಕ್ ಹಿಡಿಯೋ ಟೈಮಲ್ಲಿ ಕೈ ಓಡಲ್ಲ ಕಣೇ ನಂಗೆ."

ಗೇಟಿನ ಹತ್ತಿರವೇ ನಿಂತು ಎಲ್ಲ ಹೇಳಿದೆ. ಎಣ್ಣೆ, ಪಂಚೆ ತುಂಡು, ಗೌಸಣ್ಣ ಅಂದದ್ದು, ನಾನು ಬಾಯಿ ಮುಚ್ಚಿಕೊಂಡದ್ದು. ಹೇಳುವಾಗ ನನ್ನ ಕಾಲು ನಿಂತಲ್ಲಿ ನಿಲ್ಲಲಿಲ್ಲ. ಬೈತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಅವ್ವ ಬಹಳ ಹೊತ್ತು ತನ್ನ ಎರಡು ಕೈಗಳನ್ನೇ ನೋಡಿಕೊಂಡಳು.

"ಹಂಗಾದ್ರೆ ನಾನು ಹಿಡ್ದಿದ್ದೆ" ಅಂದಳು. "ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡ್ದಿದ್ದೆ ಕಣೇ ಮಂಜಿ. ನಂಗೆ ಹಂಗೇ ಅನ್ಸಿತ್ತು. ಎಲ್ಲಾರೂ ಇಲ್ಲ ಅಂದ್ರಲ್ಲ, ನಾನೂ ಇಲ್ಲ ಅನ್ಕಂಡೆ."

ಸ್ಕೂಟರ್ ಕಲಿತಳಾ ಅಂತ ಕೇಳಬೇಡಿ. ಕಲಿಯಲಿಲ್ಲ. ಅಷ್ಟು ವರ್ಷ ನಡೆದದ್ದಕ್ಕೆ ಅವಳ ಮಂಡಿ ಈಗ ಮಡಚುವುದಿಲ್ಲ.