ಗೇಟಿನ ಮೇಲೆ ಗೋಪಿಮಾವ

ಕೊಯಮತ್ತೂರಿಗೆ ಫ್ಲೆಕ್ಸ್ ಬ್ಯಾನರಿನ ಹುಚ್ಚು ಹೊಸದಾಗಿ ಹಿಡಿದಿದ್ದ ಕಾಲ ಅದು. ಮದುವೆಗೆ ಬ್ಯಾನರು, ಸಾವಿಗೆ ಬ್ಯಾನರು, ಹೊಸ ಬೋರ್‌ವೆಲ್ಲಿನಲ್ಲಿ ನೀರು ಬಿದ್ದರೂ ಬ್ಯಾನರು. ನಿಮ್ಮಲ್ಲಿ ಯಾರಾದರೂ ಆ ದಿನಗಳಲ್ಲಿ ಆ ಕಡೆ ಇದ್ದಿದ್ದರೆ ನೆನಪಿರಬಹುದು. ರಸ್ತೆ ತಿರುವಿನಲ್ಲೆಲ್ಲ ಯಾರೋ ಒಬ್ಬರು ಕೂಲಿಂಗ್ ಗ್ಲಾಸು ಹಾಕಿಕೊಂಡು ಕೈಮುಗಿದು ನಗುತ್ತಿದ್ದರು. ನಾವು ಆ ಊರಿಗೆ ಹೋದಾಗ ನನಗೆ ಒಂಬತ್ತು ವರ್ಷ. ಅಪ್ಪನಿಗೆ ಪಂಪ್ ಫ್ಯಾಕ್ಟರಿಯೊಂದರಲ್ಲಿ ಕೆಲಸ ಸಿಕ್ಕಿ ತಿಪಟೂರು ಬಿಟ್ಟು ಬಂದಿದ್ದೆವು. ಗಾಂಧಿಪುರಂ ಬಸ್‌ಸ್ಟ್ಯಾಂಡಿನಿಂದ ಎರಡು ಸ್ಟಾಪ್ ಆಚೆ, ಒಂದು ಕಾಂಪೌಂಡಿನೊಳಗೆ ಎರಡು ಮನೆ. ಮುಂದಿನದು ಓನರಮ್ಮನದು, ಹಿಂದಿನದು ನಮ್ಮದು.

ಓನರಮ್ಮನ ಹೆಸರು ರಂಗಮ್ಮ. ಮಡತ್ತುಕುಳಂ ಕಡೆಯ ಬೇಸಾಯಗಾರರ ಮನೆಯ ಹೆಣ್ಣುಮಗಳು. ಅವರ ಮುತ್ತಾತನ ಮುತ್ತಾತ ಯಾವಾಗಲೋ ಮೈಸೂರು ಸೀಮೆಯಿಂದ ಹೋದವನಂತೆ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡದ ಒಂದಕ್ಷರ ಓದಲು ಬಾರದು. ಅವರ ಕನ್ನಡ ಕೇಳಿದರೆ ಮೊದಮೊದಲು ನನಗೆ ನಗು ಬರುತ್ತಿತ್ತು, ಎರಡು ತಿಂಗಳಲ್ಲಿ ನಾನೂ ಹಾಗೇ ಮಾತಾಡತೊಡಗಿದೆ. ಅಮ್ಮ ಅವರನ್ನು ಅಕ್ಕ ಅನ್ನುತ್ತಿದ್ದಳು, ಆದ್ದರಿಂದ ನನಗೆ ದೊಡ್ಡಮ್ಮ.

ಅಮ್ಮ ಆಗ ಬಹಳ ಕಡಿಮೆ ಮಾತಾಡುತ್ತಿದ್ದಳು. ಅದಕ್ಕೆ ಎರಡು ವರ್ಷ ಮೊದಲು ಅವಳ ಒಬ್ಬನೇ ತಮ್ಮ ಗೋಪಿಮಾವ ಬೈಕಿನಲ್ಲಿ ಹೋಗುತ್ತಿದ್ದಾಗ ಲಾರಿ ಹೊಡೆದು ಸತ್ತಿದ್ದ. ಸುದ್ದಿ ಬಂದಾಗ ಅಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಕೇಳಿಸಿಕೊಂಡು ಉಳಿದ ಅಕ್ಕಿಯನ್ನೂ ಆರಿಸಿ, ಡಬ್ಬಕ್ಕೆ ತುಂಬಿ, ಆಮೇಲೆ ಸೀರೆ ಬದಲಾಯಿಸಿ ಹೊರಟಳು. ಅವಳು ಅತ್ತಿದ್ದನ್ನು ನಾನು ನೋಡಿಲ್ಲ. ಜಗಳವಿಲ್ಲ, ಸಿಟ್ಟಿಲ್ಲ, ಏನು ಕೇಳಿದರೂ ‘ಹೂಂ’. ಊಟ ಬಡಿಸಲೇ ಅಂದರೂ ಹೂಂ, ಸಾಕೇ ಅಂದರೂ ಹೂಂ. ಅಂಥ ಮನೆಯಲ್ಲಿ ಬೆಳೆಯುವ ಮಗು ತಾನೂ ಹಾಗೇ ಆಗುತ್ತದೆ. ನಾನೂ ಬಿದ್ದು ಮೊಣಕಾಲು ಕೆತ್ತಿಕೊಂಡರೆ ಸುಮ್ಮನೆ ನೋಡುತ್ತಾ ಕೂರುತ್ತಿದ್ದೆ.

ಮಾವನ ಒಂದು ಫೋಟೋ ಹಾಲಿನ ಶೋಕೇಸಿನಲ್ಲಿತ್ತು. ನೀಲಿ ಶರ್ಟು, ತಲೆ ಮೇಲಕ್ಕೆ ಸರಿಸಿದ ಕೂಲಿಂಗ್ ಗ್ಲಾಸು, ತುಟಿಯೆಲ್ಲ ನಗು. ಅದಕ್ಕೆ ಹಾರವಿರಲಿಲ್ಲ, ಕುಂಕುಮವಿರಲಿಲ್ಲ. ಹಾಕಲು ಅಮ್ಮ ಬಿಟ್ಟಿರಲಿಲ್ಲ. ಹೊಸಬರು ಯಾರು ನೋಡಿದರೂ, ಎಲ್ಲೋ ಕೆಲಸಕ್ಕಿದ್ದಾನೆ, ರಜಕ್ಕೆ ಬರುತ್ತಾನೆ ಅಂತಲೇ ತಿಳಿಯಬೇಕು.

ನನ್ನ ಕಿವಿ ಚುಚ್ಚಿರಲಿಲ್ಲ. ಅದಕ್ಕೂ ಮಾವನೇ ಕಾರಣ. ನಮ್ಮಲ್ಲಿ ಮಗುವಿನ ಕಿವಿ ಚುಚ್ಚುವಾಗ ಸೋದರಮಾವನ ತೊಡೆಯ ಮೇಲೆ ಕೂರಿಸಬೇಕು. ಹನ್ನೊಂದನೇ ತಿಂಗಳಿಗೆ ಇಟ್ಟುಕೊಂಡಾಗ ನನಗೆ ಜ್ವರ, ಮೂರನೇ ವರ್ಷಕ್ಕೆ ಅಪ್ಪನ ಕಡೆ ಸೂತಕ, ಐದಕ್ಕೆ ಮಾವನಿಗೆ ರಜ ಸಿಗಲಿಲ್ಲ. “ಮದ್ವೆ ಹೊತ್ತಿಗೆ ಚುಚ್ಚಿಸ್ತೀನಿ ಬಿಡಕ್ಕ, ಮದುಮಗಳನ್ನ ತೊಡೆ ಮೇಲೆ ಕೂರಿಸ್ಕೊಂಡು” ಎಂದು ನಗುತ್ತಿದ್ದ. ಕೆಂಪು ಹರಳಿನ ಪುಟ್ಟ ಓಲೆಗಳನ್ನು ಮಾತ್ರ ನಾನು ಹುಟ್ಟಿದ ವರ್ಷವೇ ತಂದುಕೊಟ್ಟಿದ್ದ. ಅವು ಬೀರುವಿನಲ್ಲಿದ್ದವು.

ಕೊಯಮತ್ತೂರಿನ ಶಾಲೆಯಲ್ಲಿ ಬರಿಗಿವಿಯ ಹುಡುಗಿ ನಾನೊಬ್ಬಳೇ. ಕಚ್ಚಿಸಿಕೊಳ್ಳುವ ಪ್ರೆಸ್ ಓಲೆ ಹಾಕಿಕೊಂಡು ಹೋಗುತ್ತಿದ್ದೆ. ಬಿಡುವಿನಲ್ಲಿ ಕುಂಟೆಬಿಲ್ಲೆ ಆಡುವಾಗ ಅದು ಕಳಚಿ ಬೀಳುತ್ತಿತ್ತು, ಆಟ ನಿಲ್ಲಿಸಿ ಎಲ್ಲರೂ ಮಣ್ಣಿನಲ್ಲಿ ಹುಡುಕಬೇಕು. ಎರಡು ಸಲ ಹುಡುಕಿದವರು ಮೂರನೇ ಸಲಕ್ಕೆ ನನ್ನನ್ನೇ ಆಟಕ್ಕೆ ಸೇರಿಸಲಿಲ್ಲ.

ಒಂದು ಮಧ್ಯಾಹ್ನ ದೊಡ್ಡಮ್ಮ ನನ್ನ ತಲೆ ಬಾಚುತ್ತಾ ಆ ಓಲೆಯನ್ನು ಕಿತ್ತು ಅಂಗೈಯಲ್ಲಿ ಇಟ್ಟುಕೊಂಡರು.

“ಏನು ಅಮ್ಮಿಣಿ ಇದು? ಪತ್ತು ವಯಸ್ಸಾಗ್ತದೆ, ಇನ್ನೂ ಕಿವಿ ಕುತ್ತಿಲ್ವಾ?” ಎಂದು ಅಮ್ಮನ ಕಡೆ ತಿರುಗಿದರು. “ಬರೋ ತಿಂಗಳು ಇವಳ ಪಿರಂದನಾಳು, ಹುಟ್ಟಿದ ದಿನ, ಬರ್ತದಲ್ಲ, ಅವತ್ತೇ ಮಾಡಿಬಿಡಾಣ. ಎಲ್ಲಾನೂ ನಾನು ನೋಡ್ಕತೀನಿ.”

“ಹೂಂ” ಎಂದಳು ಅಮ್ಮ.

“ಅದು ನಿನ್ ತಮ್ಮ ತಾನೆ, ಪೋಟೋದಲ್ಲಿ?”

“ಹೂಂ. ತಮ್ಮ.”

“ಮಾಮನ್ ಬರ್ತಾನಲ್ಲ?”

“ಹೂಂ.”

ನಾನು ಅಲ್ಲೇ ಕೂತಿದ್ದೆ. ಅಮ್ಮ ಯಾಕೆ ಹಾಗಂದಳು ಎಂದು ನನಗೆ ಆಶ್ಚರ್ಯವಾಗಲಿಲ್ಲ. ಅವಳ ಹೂಂಗೆ ಅರ್ಥವಿಲ್ಲವೆಂದು ನನಗೆ ಗೊತ್ತಿತ್ತು, ದೊಡ್ಡಮ್ಮನಿಗೆ ಗೊತ್ತಿರಲಿಲ್ಲ.

ಅಲ್ಲಿಂದ ಮುಂದೆ ಎಲ್ಲವೂ ದೊಡ್ಡಮ್ಮನ ಕೈಗೆ ಹೋಯಿತು. ಅಪ್ಪ ಮನೆಮಟ್ಟಿಗೆ ಪಾಯಸ ಮಾಡಿ ಮುಗಿಸುವ ಅಂದಾಜಿನಲ್ಲಿದ್ದ. ಅವನ ಫ್ಯಾಕ್ಟರಿಯಲ್ಲಿ ಕರ್ನಾಟಕದ ನಾಲ್ಕು ಜನ ಬ್ಯಾಚುಲರ್ ಇಂಜಿನಿಯರುಗಳಿದ್ದರು. ಭಾನುವಾರವಾದರೆ ಹುಳಿ ಅನ್ನ ಹುಡುಕಿಕೊಂಡು ನಮ್ಮ ಮನೆಗೆ ಬರುವವರು. ಅವರನ್ನು ಕರೆದರೆ ಸಾಕು, ಅವರಲ್ಲೇ ಒಬ್ಬನ ತೊಡೆಯ ಮೇಲೆ ಕೂರಿಸಿದರಾಯಿತು ಎಂದುಕೊಂಡಿದ್ದ. ಆದರೆ ಆ ಸೀಮೆಯಲ್ಲಿ ಕಿವಿ ಚುಚ್ಚುವುದೆಂದರೆ ಅರ್ಧ ಮದುವೆ. ಅಂಗಳಕ್ಕೆ ಚಪ್ಪರ ಬಂತು, ಬೀದಿಯವರಿಗೆಲ್ಲ ಕರೆಯೋಲೆ ಹೋಯಿತು. ಗಾಂಧಿಪುರಂನ ಜವಳಿ ಅಂಗಡಿಗೆ ಹೋಗಿ ನನಗೊಂದು ಪಟ್ಟು ಪಾವಾಡೆ, ರೇಷ್ಮೆ ಲಂಗ, ತಂದರು. ಅವತ್ತು ಅಮ್ಮ ಜರಿಯಂಚಿನ ಒಂದು ಪಂಚೆಯನ್ನೂ ಶಲ್ಯವನ್ನೂ ತೆಗೆದಳು. ಅಪ್ಪ ತನಗೇ ಇರಬೇಕೆಂದುಕೊಂಡ. ಅಮ್ಮ ಅದನ್ನು ಅವನಿಗೆ ಕೊಡಲಿಲ್ಲ, ಬೀರುವಿನಲ್ಲಿಟ್ಟಳು.

ಎರಡು ದಿನ ಮೊದಲು ದೊಡ್ಡಮ್ಮ ಬಂದು ಶೋಕೇಸಿನ ಫೋಟೋವನ್ನೂ ಮಾವನ ಹೆಸರನ್ನೂ ಕೇಳಿದರು. ಅಮ್ಮ ಹೆಸರು ಹೇಳಿ ಫೋಟೋ ತೆಗೆದು ಕೊಟ್ಟಳು. ಯಾಕೆ ಎಂದು ಕೇಳಲಿಲ್ಲ. ಸಂಜೆ ಅದು ವಾಪಸ್ಸು ಬಂತು.

ಹುಟ್ಟುಹಬ್ಬದ ಬೆಳಿಗ್ಗೆ ಅಮ್ಮ ರಂಗೋಲಿ ಬಟ್ಟಲು ಹಿಡಿದು ಗೇಟಿನ ಹತ್ತಿರ ಹೋದಳು, ನಾನು ಹಿಂದೆ ನೀರಿನ ಚೊಂಬು ಹಿಡಿದು. ಬೀದಿಯಲ್ಲಿ ಇನ್ನೂ ಯಾರೂ ಇರಲಿಲ್ಲ. ಗೇಟಿನ ಮೇಲೆ, ಈ ಕಂಬದಿಂದ ಆ ಕಂಬಕ್ಕೆ, ಗೋಪಿಮಾವ ನಗುತ್ತಿದ್ದ.

ಒಂದು ಕಡೆ ನಾನು, ಸ್ಕೂಲ್ ಯೂನಿಫಾರ್ಮಿನಲ್ಲಿ, ಸುತ್ತ ಗುಲಾಬಿ ಹೂ. ಇನ್ನೊಂದು ಕಡೆ ನನ್ನ ಎರಡರಷ್ಟು ದೊಡ್ಡದಾಗಿ ಮಾವ. ನೀಲಿ ಶರ್ಟನ್ನು ಅಂಗಡಿಯವನು ಇನ್ನಷ್ಟು ನೀಲಿ ಮಾಡಿದ್ದ. ಕೆಳಗೆ ಹಳದಿ ಬಣ್ಣದಲ್ಲಿ ತಮಿಳು ಅಕ್ಷರ.

“ಏನು ಬರ್ದಿದೆ, ಓದೇ” ಎಂದಳು ಅಮ್ಮ. ಅವಳಿಗೆ ತಮಿಳು ಓದಲು ಬರುತ್ತಿರಲಿಲ್ಲ, ನಾನು ಶಾಲೆಯಲ್ಲಿ ಕಲಿತಿದ್ದೆ.

“ನಿಮ್ಮನ್ನೆಲ್ಲಾ ಪ್ರೀತಿಯಿಂದ ಸ್ವಾಗತಿಸುವ ಸೋದರಮಾವ, ಗೋಪಿ.”

“ಪ್ರೀತಿಯಿಂದ ಅಂತ ಇದ್ಯಾ?”

“ಹೂಂ.”

ಅಮ್ಮ ಕೂತು ರಂಗೋಲಿ ಹಾಕಿದಳು, ದಿನಕ್ಕಿಂತ ದೊಡ್ಡದು. ಅಷ್ಟರಲ್ಲಿ ಹಾಲಿಗೆಂದು ಹೊರಟ ಅಪ್ಪ ಅದನ್ನು ನೋಡಿ ಅಲ್ಲೇ ನಿಂತುಬಿಟ್ಟ.

“ಅಯ್ಯೋ, ಇದೇನೇ ಇದು! ಇರು, ಬಿಚ್ಚಿಸ್ತೀನಿ. ಆ ಯಮ್ಮಂಗೆ ನೀನು ಹೇಳೇ ಇಲ್ವಾ?”

“ಬೇಡ ರೀ” ಎಂದಳು ಅಮ್ಮ, ತಲೆ ಎತ್ತದೆ. “ಇವತ್ತೊಂದಿನ ಇರಲಿ.”

ಅಪ್ಪ ರಂಗೋಲಿ ತುಳಿಯದಂತೆ ದಾಟಿಕೊಂಡು ಹಾಲು ತರಲು ಹೋದ.

ಜನ ಬರತೊಡಗಿದರು. ಚಪ್ಪರದ ಹಸಿ ತೆಂಗಿನಗರಿಯ ವಾಸನೆ, ಮಲ್ಲಿಗೆ, ಹಿಂದುಗಡೆ ಒಲೆಯ ಮೇಲೆ ಅಮ್ಮ ಮಾಡಿದ್ದ ಬಿಸಿಬೇಳೆಬಾತಿನ ಚಕ್ಕೆ ಲವಂಗ. ದೊಡ್ಡಮ್ಮ ಅದರ ರುಚಿ ನೋಡಿ, “ನಮ್ಮ ಅಕ್ಕಿಬೇಳೆ ಅನ್ನ, ಅರಿಸಿ ಪರುಪ್ಪು ಸಾದಂ ತಾನೆ ಇದು, ಮಸಾಲೆ ಜಾಸ್ತಿಯಾಗಿ ಕೆಟ್ಟೋಗದೆ” ಎಂದು ತಮಾಷೆ ಮಾಡಿದರು. ಮಡತ್ತುಕುಳಂನಿಂದ ಅವರ ತಮ್ಮ ತಿಮ್ಮಣ್ಣ ಬೆಳಗಿನ ಬಸ್ಸಿಗೇ ಬಂದಿದ್ದರು. ಒಂದು ಚೀಲ ತೆಂಗಿನಕಾಯಿ, ಒಂದು ಬುಟ್ಟಿ ಬೆಲ್ಲ. ಬಂದವರೇ ಹಿತ್ತಲಿಗೆ ಹೋಗಿ ಕಾಯಿ ಸುಲಿಯಲು ಕೂತರು.

ಬಂದವರೆಲ್ಲ ಬ್ಯಾನರು ನೋಡಿಕೊಂಡೇ ಒಳಗೆ ಬರಬೇಕಿತ್ತು, ಬಂದವರೆಲ್ಲ ಅದನ್ನೇ ಕೇಳಿದರು.

“ಮಾಮನ್ ಎಂಗೆ?” ಮಾವ ಎಲ್ಲಿ ಎಂದರು ಬೀದಿಯ ಹೆಂಗಸರು.

“ನಿಮ್ಮ ತಮ್ಮ ಥೇಟ್ ನಿಮ್ಮ ಥರಾನೇ ಇದಾರೆ ಅತ್ತಿಗೆ, ಎಲ್ಲಿ, ಪರಿಚಯ ಮಾಡ್ಸಿ” ಎಂದ ಬ್ಯಾಚುಲರುಗಳಲ್ಲೊಬ್ಬ.

“ಬರ್ತಾ ಇದಾನೆ” ಎಂದಳು ಅಮ್ಮ. “ಬಸ್ಸು ಲೇಟಂತೆ.”

ಇನ್ನೊಬ್ಬರು ಕೇಳಿದಾಗ, “ರಜ ಸಿಗೋದು ಕಷ್ಟ ಅವನಿಗೆ. ಆದ್ರೂ ಹೊರಟಿದಾನೆ” ಎಂದಳು. ಮತ್ತೊಬ್ಬರಿಗೆ, “ಅವನಿಗೆ ಕಾಯಿ ಹೋಳಿಗೆ ಅಂದ್ರೆ ಪ್ರಾಣ. ನಾಲ್ಕು ಎತ್ತಿಟ್ಟಿದೀನಿ.” ಎರಡು ವರ್ಷದಲ್ಲಿ ಅಮ್ಮ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಗಲಗಲ ಎನ್ನುತ್ತ ಎಲ್ಲರಿಗೂ ಪಾನಕ ಕೊಡುತ್ತಿದ್ದಳು. ನನಗೆ ಹೆದರಿಕೆಯಾಗಲಿಲ್ಲ, ದುಃಖವೂ ಆಗಲಿಲ್ಲ. ಮಾವ ನಿಜಕ್ಕೂ ಬರಬಹುದೇನೋ ಎನ್ನಿಸಿತು. ಪಾವಾಡೆಯ ಅಂಚು ಎಳೆದುಕೊಳ್ಳುತ್ತ ಗೇಟಿನ ಕಡೆ ನೋಡಿದೆ. ಅವನ ಬೆನ್ನು, ಅಂದರೆ ಬ್ಯಾನರಿನ ಬಿಳಿ ಹಿಂಬದಿ, ಗಾಳಿಗೆ ಉಬ್ಬುತ್ತಿತ್ತು.

ಮುಹೂರ್ತ ಮುಗಿಯುತ್ತ ಬಂತು. ಕಿವಿ ಚುಚ್ಚಲು ಬಂದಿದ್ದ ಅಕ್ಕಸಾಲಿ ಚಿನ್ನದ ತಂತಿ ತಿಕ್ಕಿ ತಿಕ್ಕಿ ಸಾಕಾಗಿ ಗೊಣಗತೊಡಗಿದ. ದೊಡ್ಡಮ್ಮ ಅಮ್ಮನನ್ನು ಅಡುಗೆಮನೆ ಬಾಗಿಲಿಗೆ ಕರೆದರು. ನಾನು ಅಲ್ಲೇ ನಿಂತಿದ್ದೆ.

“ನಿನ್ ತಮ್ಮಂಗೆ ಒಂದು ಪೋನು ಹಾಕ್ ನೋಡು. ನೇರ ಆಗೋಯ್ತು, ಮುಹೂರ್ತ ಮೀರ್ತದೆ.”

ಅಮ್ಮ ಹೋಳಿಗೆಯ ತಟ್ಟೆಗೆ ಮುಚ್ಚಳ ಮುಚ್ಚಿದಳು.

“ಅವನು ಬರಲ್ಲ ಅಕ್ಕ.”

“ಯಾಕ್ ಬರಲ್ಲ?”

“ತೀರ್ಕೊಂಡ. ಎರಡು ವರ್ಷ ಆಯ್ತು.”

ಹಾಲು ಮುಗಿದಿದೆ ಎನ್ನುವ ದನಿಯಲ್ಲಿ ಹೇಳಿದಳು. ಆ ಮಾತನ್ನು ಅವಳು ಬಾಯಿಬಿಟ್ಟು ಆಡಿದ್ದು ನನಗೆ ತಿಳಿದಂತೆ ಅದೇ ಮೊದಲು. ದೊಡ್ಡಮ್ಮ ಗೇಟಿನ ಕಡೆ ನೋಡಿದರು, ಮತ್ತೆ ಅಮ್ಮನನ್ನು ನೋಡಿದರು. ಬ್ಯಾನರು ಬರೆಸಿದ ತಪ್ಪಿಗೆ ಕ್ಷಮೆ ಕೇಳುತ್ತಾರೆಂದುಕೊಂಡೆ. ಕೇಳಲಿಲ್ಲ. ಮಾತು ಗದರಿಸಿದ ಹಾಗೆ ಬಂತು.

“ನನ್ನ ನೀನು ಏನಂತ ಕೂಗ್ತೀಯ?”

“ಅಕ್ಕ ಅಂತ.”

“ಬಾಯಿಮಾತಿಗೆ ಕೂಗ್ತೀಯೋ, ನಿಜವಾಗ್ಲೂನೋ?”

ಅಮ್ಮ ಹೋಳಿಗೆಯ ತಟ್ಟೆಯನ್ನು ಗೋಡೆಯ ಕಡೆ ಸರಿಸಿದಳು.

“ನಿಜವಾಗ್ಲೂ ಅಂದ್ರೆ, ಹಿತ್ತಲಲ್ಲಿ ಕಾಯಿ ಸುಲೀತಾವ್ನಲ್ಲ, ಅವ್ನು ನಿಂಗೆ ಏನಾಗ್ಬೇಕು? ಹೇಳು.”

ಅಮ್ಮ ಒಳಗೆ ಹೋಗಿ ಬೀರು ತೆರೆದಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಆ ಜರಿಯಂಚಿನ ಪಂಚೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬೀರುವಿನ ಮುಂದೆ ಬಹಳ ಹೊತ್ತು ನಿಂತಿದ್ದಳು. ಹೊರಗೆ ಅಕ್ಕಸಾಲಿ ಕೂಗಿದ. ಕಡೆಗೆ ಬಂದು, ಕೈಗೆ ನಾರು ಮೆತ್ತಿಕೊಂಡು ಏನೂ ಅರ್ಥವಾಗದೆ ನಿಂತಿದ್ದ ತಿಮ್ಮಣ್ಣನ ಮುಂದೆ ಪಂಚೆ ಶಲ್ಯ ನೀಡಿದಳು.

“ಉಟ್ಕೊಂಡು ಬಾಪ್ಪ” ಎಂದಳು. ಗೋಪಿಮಾವನಿಗೆ ಅವಳು ಹಾಗೇ ಅನ್ನುತ್ತಿದ್ದಳು. ತಿಮ್ಮಣ್ಣನಿಗೋ ಅಮ್ಮನಿಗಿಂತ ಹತ್ತು ವರ್ಷ ಹೆಚ್ಚು.

ಹತ್ತು ವರ್ಷದ ಹುಡುಗಿ ತೊಡೆಯ ಮೇಲೆ ಹಿಡಿಸುವುದಿಲ್ಲ. ನನ್ನ ಕಾಲು ನೆಲಕ್ಕೆ ತಾಗುತ್ತಿತ್ತು, ಯಾರೋ ನಕ್ಕರು. ಹೊಸ ಪಂಚೆಯ ಗಂಜಿ ವಾಸನೆಯ ಅಡಿಯಲ್ಲಿ ತಿಮ್ಮಣ್ಣ ಮಾವನಿಗೆ ಆಲೆಮನೆಯ ಹೊಗೆ, ಬೆಲ್ಲದ ವಾಸನೆ. ಅಕ್ಕಸಾಲಿ ಬಲಗಿವಿ ಹಿಡಿದ. ತಂತಿ ಒಳಗೆ ಹೋದದ್ದು ಗೊತ್ತಾಯಿತು, ನೋವು ಗೊತ್ತಾಗಲಿಲ್ಲ. ಎಲ್ಲರೂ ನನ್ನ ಅಳುವಿಗೆ ಕಾಯುತ್ತಿದ್ದರು. ಮಗು ಅತ್ತರೇ ಶುಭವಂತೆ.

“ಅಳು ಅಮ್ಮಿಣಿ” ಎಂದರು ತಿಮ್ಮಣ್ಣ ಮಾವ, ನನ್ನ ಕಿವಿಯ ಹತ್ತಿರ. “ಅತ್ತುಬಿಟ್ರೆ ನೋವು ಕಮ್ಮಿ ಆಗ್ತದೆ.”

ಅಳು ಬರಲಿಲ್ಲ. ಎಡಗಿವಿಗೂ ಬರಲಿಲ್ಲ. ತಂತಿ ಸುತ್ತಿ ಮುಗಿದ ಮೇಲೆ ಅಮ್ಮ ಕೆಂಪು ಹರಳಿನ ಓಲೆಗಳನ್ನು ತಂದು ತಿಮ್ಮಣ್ಣ ಮಾವನ ಕೈಗೆ ಹಾಕಿ, ಅವರ ಕೈಯಿಂದಲೇ ನನ್ನ ಕೈಗೆ ಕೊಡಿಸಿದಳು. ಗಾಯ ಮಾಗಿದ ಮೇಲೆ ಹಾಕಿಕೊಳ್ಳಬೇಕು. ಎಲ್ಲರೂ ಊಟಕ್ಕೆ ಎದ್ದರು. ಎತ್ತಿಟ್ಟಿದ್ದ ನಾಲ್ಕು ಹೋಳಿಗೆಯನ್ನು ಅಮ್ಮ ತಿಮ್ಮಣ್ಣ ಮಾವನ ಎಲೆಗೇ ಬಡಿಸಿದಳು.

ಮಾರನೆಯ ಬೆಳಿಗ್ಗೆ ನಾನೆದ್ದಾಗ ಬ್ಯಾನರು ಗೇಟಿನ ಮೇಲಿರಲಿಲ್ಲ. ಮಡಚಿ ಅಟ್ಟಕ್ಕೆ ಹಾಕಿದ್ದರು. ಚಪ್ಪರದ ಕಂಬದಲ್ಲಿ ಉಳಿದಿದ್ದ ಮಲ್ಲಿಗೆ ಹಾರವನ್ನು ಅಮ್ಮ ಬಿಡಿಸಿ ತಂದು, ಉದ್ದ ಕತ್ತರಿಸಿ, ಶೋಕೇಸಿನ ಫೋಟೋಗೆ ಹಾಕಿದ್ದಳು. ಕುಂಕುಮವನ್ನೂ ಇಟ್ಟಿದ್ದಳು. ಅಡುಗೆಮನೆಯಲ್ಲಿ ಒಲೆಯ ಮುಂದೆ ಕೂತು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಅಪ್ಪ ನನ್ನನ್ನು ಒಳಗೆ ಹೋಗಲು ಬಿಡಲಿಲ್ಲ, ಕೈಹಿಡಿದು ದೊಡ್ಡಮ್ಮನ ಮನೆಗೆ ಕಾಫಿಗೆ ಕರೆದುಕೊಂಡು ಹೋದ. ಅಲ್ಲಿ ಕೂತಾಗ ನನ್ನ ಎರಡೂ ಕಿವಿ ಧಗಧಗ ಉರಿಯತೊಡಗಿದವು.

ನಾವಿರುವವರೆಗೂ ಪ್ರತಿ ಪೊಂಗಲಿಗೆ ತಿಮ್ಮಣ್ಣ ಮಾವ ಕಬ್ಬು, ಹಸಿ ಅರಿಸಿನದ ಗಿಡ, ಅಮ್ಮನಿಗೊಂದು ಸೀರೆ ಹೊತ್ತು ತಂದರು. ಎರಡು ಬಸ್ಸು ಬದಲಾಯಿಸಿಕೊಂಡು ಬಂದು, ಕಾಫಿ ಕುಡಿದು, ಅದೇ ಸಂಜೆ ಹೊರಡುತ್ತಿದ್ದರು. ಆಮೇಲೆ ಅಪ್ಪನಿಗೆ ಮೈಸೂರಿನಲ್ಲಿ ಕೆಲಸವಾಯಿತು. ಸ್ವಲ್ಪ ದಿನ ಫೋನಿತ್ತು. ನಂಬರುಗಳು ಬದಲಾದವು, ದೊಡ್ಡಮ್ಮ ಹೋದರೆಂದು ಯಾರಿಂದಲೋ ಬಹಳ ತಡವಾಗಿ ತಿಳಿಯಿತು. ಆ ಕಾಂಪೌಂಡು ಈಗ ಜವಳಿ ಗೋದಾಮು. ಬ್ಯಾನರು ನಮ್ಮ ಜೊತೆ ಮನೆಯಿಂದ ಮನೆಗೆ ಬಂದು, ಕೊನೆಗೆ ಮಳೆಗಾಲದಲ್ಲಿ ಸ್ಕೂಟರಿಗೆ ಹೊದಿಸುವ ಹೊದಿಕೆಯಾಗಿ ಹರಿದುಹೋಯಿತು. ಕರೆದ ಒಂದು ಹೆಸರಿಗೆ ಅಷ್ಟು ದೂರ ಕಬ್ಬು ಹೊತ್ತು ಬರುವವರು ಆಮೇಲೆ ನಮಗೆ ಸಿಗಲಿಲ್ಲ. ನಾವೂ ಯಾರಿಗೂ ಹಾಗೆ ಆಗಲಿಲ್ಲ.

ಹೋದ ವರ್ಷ ನನ್ನ ಮಗಳ ಕಿವಿ ಚುಚ್ಚಿಸಿದೆವು. ಒಡವೆ ಅಂಗಡಿಯ ಮೂರನೇ ಮಹಡಿ, ಎ.ಸಿ. ಕೋಣೆ. ನೋವಾಗದಿರಲಿ ಎಂದು ಮೊದಲೇ ಒಂದು ಮುಲಾಮು ಹಚ್ಚಿದರು. ನಾನು ಒಬ್ಬಳೇ ಮಗಳು, ನನ್ನ ಮಗಳಿಗೆ ಸೋದರಮಾವನಿಲ್ಲ. ಯಾರನ್ನೂ ಕರೆದಿರಲಿಲ್ಲ, ನಾನು, ನನ್ನ ಗಂಡ, ಅಮ್ಮ ಮೂರೇ ಜನ. ಕೈಗವಸು ಹಾಕಿಕೊಂಡ ಹುಡುಗಿ ಚುಚ್ಚುವ ಗನ್ನು ಎತ್ತಿಕೊಂಡು, “ಪಾಪೂನ ತೊಡೆ ಮೇಲೆ ಯಾರು ಕೂರಿಸ್ಕೊತೀರಾ ಮೇಡಂ?” ಎಂದು ಕೇಳಿದಳು.

ನಾನು ಮಗುವನ್ನು ಎತ್ತಿಕೊಂಡು ಕುರ್ಚಿಯಲ್ಲಿ ಕೂತೆ. ಅಮ್ಮ ಬಾಗಿಲ ಕಡೆ ನೋಡುತ್ತಿದ್ದಳು.