ಅತ್ತೆಯ ಅಸ್ಥಿ ಕದ್ದವನು

ಇದನ್ನು ಕಟ್ಟುಕತೆ ಅನ್ನುವವರು ಅನ್ನಲಿ. ಆ ರಾತ್ರಿ ನಾನು ಕಾರಿನೊಳಗೇ ಕೂತಿದ್ದೆ, ಪಕ್ಕದಲ್ಲಿ ನಮ್ಮ ಮನೆಯವರಿದ್ದರು. ಅದಕ್ಕೂ ಸ್ವಲ್ಪ ಮುಂಚೆ ವಿಡಿಯೋ ನೋಡಿದ ಪೊಲೀಸ್ ಪೇದೆ ನನ್ನ ಫೋನನ್ನು ವಾಪಸ್ ಕೊಡುವಾಗ ಸ್ಕ್ರೀನನ್ನು ಕೆಳಮುಖ ಮಾಡಿ ಕೊಟ್ಟಿದ್ದ. ಇಷ್ಟು ಜನರಿಗೆ ಒಟ್ಟಿಗೆ ಭ್ರಮೆ ಹಿಡಿಯುತ್ತದೆಯೇ, ನೀವೇ ಹೇಳಿ...

ನನ್ನ ತವರು ದಾವಣಗೆರೆ. ವಿಶಾಖಪಟ್ಟಣದ ಒಂದು ಆಸ್ಪತ್ರೆಯಲ್ಲಿ ಫಿಜಿಯೋಥೆರಪಿಸ್ಟ್ ಆಗಿದ್ದೇನೆ. ನಮ್ಮ ಮನೆಯವರು ಶ್ರೀನಿವಾಸ್, ತೆಲುಗಿನವರು, ಅದೇ ಊರಿನ ಮಧುರವಾಡದಲ್ಲಿ ಐಟಿ ಕೆಲಸ. ಅವರ ತಾಯಿ ಕನಕಮ್ಮ, ಅಂದರೆ ನಮ್ಮತ್ತೆ, ಗಂಡ ತೀರಿಕೊಂಡ ಮೇಲೆ ವಿಜಯವಾಡದ ಹಳೇ ಪೇಟೆ ಒನ್ ಟೌನಿನಲ್ಲಿ ಒಬ್ಬರೇ ಬಟ್ಟೆ ವ್ಯಾಪಾರ ಮಾಡಿ ಮಗನನ್ನು ಓದಿಸಿದವರು. ಉಡುತ್ತಿದ್ದುದು ಮಂಗಳಗಿರಿ ಕಾಟನ್ ಸೀರೆ ಮಾತ್ರ, ಅದಕ್ಕೆ ಗಟ್ಟಿ ಗಂಜಿ ಹಾಕಿರಬೇಕು. ಅವರು ನಡೆದು ಬಂದರೆ ಕಾಗದ ಮಡಚಿದ ಹಾಗೆ ಸರಬರ ಸದ್ದು ಬರುತ್ತಿತ್ತು.

ಕಾಯಿಲೆ ಜೋರಾದಾಗ ಅತ್ತೆಯನ್ನು ನಮ್ಮಲ್ಲಿಗೆ ಕರೆದುಕೊಂಡು ಬಂದೆವು. ಅವರನ್ನು ಆಸ್ಪತ್ರೆಗೆ ಆರಾಮಾಗಿ ಕರೆದೊಯ್ಯಲೆಂದೇ ನಮ್ಮವರು ಹೊಸ ಕಾರು ತೆಗೆದುಕೊಂಡರು. ಆ ಕಾರಿಗೆ ಕಂಪನಿಯಿಂದಲೇ ಕ್ಯಾಮೆರಾ ಕೂಡಿಸಿ ಬಂದಿತ್ತು. ನಿಲ್ಲಿಸಿದ ಕಾರಿನ ಹತ್ತಿರ ಯಾರಾದರೂ ಬಂದರೆ ಸಾಕು, ಒಳಗೂ ಹೊರಗೂ ರೆಕಾರ್ಡ್ ಮಾಡಿ ನಮ್ಮ ಫೋನಿಗೆ ಅಲರ್ಟ್ ಕಳಿಸುತ್ತದೆ. ಮಾತು ಕೂಡ ಕೇಳಿಸುತ್ತದೆ.

ಅತ್ತೆ ಉಳಿಯಲಿಲ್ಲ. ವಿಶಾಖಪಟ್ಟಣದಲ್ಲೇ ದಹನವಾಯಿತು. ಅಸ್ಥಿ ಮಾತ್ರ ತಮ್ಮೂರಿನ ಕೃಷ್ಣೆಯಲ್ಲೇ ಬಿಡಬೇಕು ಎಂದು ಅವರೇ ಹೇಳಿಟ್ಟಿದ್ದರು. ಕೆಂಪು ಬಟ್ಟೆ ಸುತ್ತಿದ ಸಣ್ಣ ತಾಮ್ರದ ತಂಬಿಗೆ, ಅಲುಗಾಡಬಾರದೆಂದು ನಮ್ಮವರು ಅದನ್ನು ತಮ್ಮ ಲ್ಯಾಪ್‌ಟಾಪ್ ಬ್ಯಾಗಿನೊಳಗೆ ಇಟ್ಟು ಹಿಂದಿನ ಸೀಟಿನ ಕೆಳಗೆ ಭದ್ರ ಮಾಡಿದರು. ವಿಜಯವಾಡ ಮುಟ್ಟುವಾಗ ರಾತ್ರಿಯಾಗಿತ್ತು.

ಒನ್ ಟೌನಿನಲ್ಲಿ ನಮ್ಮವರ ಸೋದರಮಾವ, ಮಾವಯ್ಯನ ಮನೆ. ಓಣಿಯಲ್ಲಿ ಕಾರು ಹೋಗುವುದಿಲ್ಲ. ಹಳೇ ಗೋಡೌನ್ ಕೆಡವಿದ ಜಾಗದಲ್ಲಿ ಪಾರ್ಕಿಂಗ್ ಮಾಡಿದ್ದರು, ಅಲ್ಲಿ ನಿಲ್ಲಿಸಿದೆವು. ಸುತ್ತ ಒಣಮೆಣಸಿನಕಾಯಿ ಮಂಡಿಗಳ ಘಾಟು. ಅಸ್ಥಿಯನ್ನು ಮನೆಯೊಳಗೆ ಒಯ್ಯುವಂತಿಲ್ಲ. ನಮ್ಮವರು ಕಾರಲ್ಲೇ ಇರುತ್ತೇನೆ ಅಂದರು. ಮಾವಯ್ಯ ಬಿಡಲಿಲ್ಲ. "ಎರಡು ತುತ್ತು ತಿಂದು ಬಾರಯ್ಯಾ, ನಿನ್ನ ಕಾರಿಗೆ ಕಣ್ಣಿದೆಯಲ್ಲ" ಎಂದು ತೆಲುಗಿನಲ್ಲಿ ಹೇಳಿ ಕೈಹಿಡಿದು ಕರೆದೊಯ್ದರು.

ಊಟಕ್ಕೆ ಕೂತಿದ್ದೆವು ಅಷ್ಟೆ. ನನ್ನ ಫೋನು ಗುಂಯ್ ಎಂದಿತು.

ಓಡಿದೆವು. ಹಿಂದಿನ ಬಾಗಿಲಿನ ಗಾಜು ಪುಡಿಯಾಗಿ ಸೀಟಿನ ಮೇಲೆ ಸಕ್ಕರೆ ಚೆಲ್ಲಿದ ಹಾಗೆ ಬಿದ್ದಿತ್ತು. ಬ್ಯಾಗ್ ಇರಲಿಲ್ಲ.

ನಮ್ಮವರು ಬಗ್ಗಿ ಸೀಟಿನ ಕೆಳಗೆ ಕೈಯಾಡಿಸಿದರು, ಮತ್ತೆ ಆಡಿಸಿದರು. ಗಾಜು ಚುಚ್ಚಿ ರಕ್ತ ಬಂದರೂ ಅವರಿಗೆ ಗೊತ್ತಾದಂತೆ ಕಾಣಲಿಲ್ಲ. ಆ ಪಾರ್ಕಿಂಗಿನಲ್ಲಿ ಲ್ಯಾಪ್‌ಟಾಪ್ ಬ್ಯಾಗ್ ಕಂಡರೆ ಗಾಜು ಒಡೆಯುವುದು ಮಾಮೂಲು ಎಂದು ಮಾವಯ್ಯ ಆಮೇಲೆ ಹೇಳಿದರು. ಆಗ ಯಾರಿಗೂ ಅದು ನೆನಪಾಗಿರಲಿಲ್ಲ.

ಫೋನ್ ಮಾಡಿದ್ದಕ್ಕೆ ಪೇದೆಯೊಬ್ಬ ಬಂದ. ಎಲ್ಲರೂ ಸೇರಿ ವಿಡಿಯೋ ಹಾಕಿದೆವು.

ಚೌಕಡಿ ಅಂಗಿಯ ಒಬ್ಬ, ಮೂವತ್ತರ ಆಸುಪಾಸು. ಗಾಜು ಒಡೆದು, ಬಾಗಿಲು ತೆಗೆದು, ಅರ್ಧ ಮೈ ಒಳಗೆ ತೂರಿಸುತ್ತಾನೆ. ಬಲಗೈಯಲ್ಲಿ ಬ್ಯಾಗಿನ ಹಿಡಿ ಹಿಡಿದು ಮೇಲೆತ್ತುತ್ತಾನೆ... ಅಲ್ಲಿಗೆ ಅವನು ನಿಂತುಬಿಡುತ್ತಾನೆ. ಮೆಲ್ಲಗೆ ತಲೆಯೆತ್ತಿ ಸೀಟಿನ ಎಡಮೂಲೆ ನೋಡುತ್ತಾನೆ. ಸೀಟು ಖಾಲಿ.

ಆಗ ಸದ್ದು ಶುರುವಾಗುತ್ತದೆ. ಟಿಂಗ್... ಟಿಂಗ್... ಟಿಂಗ್...

ಅದು ಸೀಟ್ ಬೆಲ್ಟಿನ ಸದ್ದು. ಹಿಂದೆ ಯಾರಾದರೂ ಬೆಲ್ಟ್ ಹಾಕದೆ ಕೂತರೆ ಹೊಡೆದುಕೊಳ್ಳುತ್ತದೆ. ಅತ್ತೆ ಎಂದೂ ಬೆಲ್ಟ್ ಹಾಕಿದವರಲ್ಲ, ಸೀರೆಯ ಮಡಿಕೆ ಕೆಡುತ್ತದೆ ಎಂದು. ಎಡಮೂಲೆಯಲ್ಲಿ ಕೂತು ದಾರಿಯುದ್ದಕ್ಕೂ ಆ ಸದ್ದು ಕೇಳಿಸಿಕೊಂಡೇ ಬರುತ್ತಿದ್ದರು. ಆದರೆ ಕಾರು ಆಫ್ ಆಗಿದ್ದಾಗ ಅದು ಬರುವುದೇ ಇಲ್ಲ.

ವಿಡಿಯೋದಲ್ಲಿ ಅವನು ಖಾಲಿ ಸೀಟಿಗೆ ಬಹಳ ಮರ್ಯಾದೆಯಿಂದ ಕೇಳುತ್ತಾನೆ. "ಮೀರೆವರಂಡಿ?"

ನೀವು ಯಾರು ಅಂತ.

ಆಮೇಲೆ ಓಡುತ್ತಾನೆ. ಪೇದೆ ಅದೊಂದು ತುಣುಕನ್ನು ಹಿಂದೆ ಎಳೆದು ಮತ್ತೆ ನೋಡಿದ. ಫೋನನ್ನು ಕೆಳಮುಖ ಮಾಡಿ ನನಗೆ ಕೊಟ್ಟು, "ಕಾಪಿ ಬೆಳಿಗ್ಗೆ ತಗೋತೀನಿ ಮೇಡಂ, ಈಗ ಬೇಡ" ಎಂದು ಬೈಕ್ ಹತ್ತಿ ಹೊರಟುಹೋದ.

ನಮ್ಮವರು ಒಡೆದ ಕಿಟಕಿಯಿಂದ ಕೈಚಾಚಿ ಆ ಎಡಮೂಲೆಯ ಸೀಟಿನ ಮೇಲೆ ಅಂಗೈ ಊರಿದರು. ಚಿಕ್ಕ ಮಕ್ಕಳಿಗೆ ಹೇಳುವಷ್ಟು ಮೆತ್ತಗೆ ಹೇಳಿದರು. "ವಾಣ್ಣಿ ವದಲಕಮ್ಮಾ."

ಅವನನ್ನು ಬಿಡಬೇಡಮ್ಮಾ.

ನನಗೂ ಅದೇ ಬೇಕಿತ್ತು. ಅತ್ತೆಯ ಕೊನೆಯ ದಿನಗಳಲ್ಲಿ ಅವರ ಮೈ ಒರೆಸಿ, ಕೈಕಾಲು ತಿಕ್ಕಿ ನೋಡಿಕೊಂಡವಳು ನಾನು. ಅವರನ್ನು ಯಾವನೋ ಚರಂಡಿಗೆ ಸುರಿದಿರುತ್ತಾನೆ ಎಂದು ನೆನೆದು, ಆ ಕೈ ಸೇದಿಹೋಗಲಿ ಎಂದು ನಾನೂ ಅಂದುಕೊಂಡೆ.

ಯಾರು ಹೇಳಿದರೂ ನಮ್ಮವರು ಅಲ್ಲಿಂದ ಏಳಲಿಲ್ಲ. ನಾನೂ ಅವರ ಜೊತೆ ಮುಂದಿನ ಸೀಟಿನಲ್ಲೇ ಉಳಿದೆ. ಒಂದೊಂದೇ ಮಂಡಿ ಬಾಗಿಲು ಮುಚ್ಚಿತು. ದೂರದಲ್ಲಿ ರೈಲು ಹಳಿ ಬದಲಿಸುವ ಸದ್ದು. ಒಡೆದ ಕಿಟಕಿಯಿಂದ ಮೆಣಸಿನಕಾಯಿ ಘಾಟು ಒಳಗೆ ಬರುತ್ತಿತ್ತು.

ಯಾವಾಗಲೋ ಆ ಘಾಟು ನಿಂತಿತು. ಅದರ ಜಾಗದಲ್ಲಿ ಬೇರೆ ವಾಸನೆ... ಬಿಸಿಲಿಗೆ ಒಣಗಿದ ಗಂಜಿಯದು.

ನನ್ನ ಬೆನ್ನ ಹಿಂದೆ, ಬಹಳ ಹತ್ತಿರದಲ್ಲಿ, ಸರಬರ ಸದ್ದಾಯಿತು. ಯಾರೋ ಸೀಟಿನಲ್ಲಿ ಸರಿಯಾಗಿ ಕೂತುಕೊಂಡ ಹಾಗೆ.

"ರೀ..." ಅಂದೆ.

"ತಿರುಗಬ್ಯಾಡ" ಅಂದರು ನಮ್ಮವರು. ಅವರು ಕನ್ನಡ ಕಲಿತದ್ದು ನನ್ನಿಂದಲೇ. "ಸುಮ್ನ ಕೂತ್ಕೊ."

ಟಿಂಗ್... ಟಿಂಗ್... ಟಿಂಗ್...

ಕಾರು ಆಫ್ ಆಗಿತ್ತು. ಕೀ ನನ್ನ ಮಡಿಲಲ್ಲಿತ್ತು. ಅದೇ ಹೊತ್ತಿಗೆ ಫೋನೂ ಗುಂಯ್ ಎಂದಿತು. ಹೊರಗಿನ ಕ್ಯಾಮೆರಾದಲ್ಲಿ ಒಬ್ಬ ಗೇಟಿನ ಕಡೆಯಿಂದ ನಡೆದು ಬರುತ್ತಿದ್ದ. ಚೌಕಡಿ ಅಂಗಿ. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಬಲಗೈಯನ್ನು ಮುಂದಕ್ಕೆ ಚಾಚಿದ್ದ, ಅದರಲ್ಲಿ ನಮ್ಮ ಬ್ಯಾಗ್ ನೇತಾಡುತ್ತಿತ್ತು. ಬಲವಂತವಾಗಿ ಕೈಹಿಡಿದು ಎಳೆದು ತಂದ ಮಕ್ಕಳ ನಡಿಗೆಯ ಹಾಗಿತ್ತು ಅವನ ನಡಿಗೆ.

ನಮ್ಮವರು ಬಾಗಿಲು ತೆಗೆದು ಇಳಿದರು. ನಾನೂ ಇಳಿದೆ. ಹಿಂದಿನ ಸೀಟು ನೋಡಲಿಲ್ಲ.

ಅವನು ನಮ್ಮನ್ನು ಕಂಡು ಮಂಡಿಯೂರಿದ. ಅವನು ಹೇಳಿದ್ದು ತೆಲುಗಿನಲ್ಲಿ, ಅಳುತ್ತಾ. "ಒಳಗೇನಿದೆ ಅಂತ ಗೊತ್ತಿರಲಿಲ್ಲ ಸಾರ್. ಕಾಲುವೆಗೆ ಎಸೆಯೋಕೆ ಹೋದೆ, ಕೈ ಬಿಚ್ಚಲಿಲ್ಲ. ಆಯಮ್ಮ ನನ್ನ ಬೈಕಿನ ಹಿಂದೆ ಕೂತುಬಿಟ್ಟಿದಾರೆ. ಬೈಕ್ ಬಿಟ್ಟು ಓಡಿದರೆ ಸೀರೆ ಸದ್ದು ಪಕ್ಕದಲ್ಲೇ ಬರುತ್ತೆ..." ನನ್ನ ಕಡೆ ತಿರುಗಿದ. "ಅಮ್ಮಾ, ನೀವು ಹೆಂಗಸರು. ನೀವಾದರೂ ಹೇಳಿ."

ನಮ್ಮವರು ಜಿಪ್ ತೆಗೆದು ತಂಬಿಗೆಯನ್ನು ಎತ್ತಿ ಎದೆಗೊತ್ತಿಕೊಂಡರು. ಕೆಂಪು ಬಟ್ಟೆಯ ಗಂಟು ಬಿಚ್ಚಿರಲಿಲ್ಲ. ಖಾಲಿ ಬ್ಯಾಗ್ ಅವನ ಕೈಯಲ್ಲೇ ಉಳಿಯಿತು.

ಅವನ ಬೆರಳು ಬಿಡಿಸಲು ನೋಡಿದೆ. ಲಕ್ವ ಹೊಡೆದವರ ಕೈ ಬಿಡಿಸುವುದು ನನ್ನ ದಿನದ ಕೆಲಸ. ಸ್ನಾಯು ಸೆಟೆದರೆ ಹೇಗಿರುತ್ತದೆ ಎಂದು ನನ್ನ ಬೆರಳಿಗೆ ಗೊತ್ತು. ಇದು ಹಾಗಿರಲಿಲ್ಲ. ಅವನ ಬೆರಳುಗಳು ಮೆತ್ತಗೇ ಇದ್ದವು, ಬಿಚ್ಚಿಕೊಳ್ಳಲು ಅವೇ ಒದ್ದಾಡುತ್ತಿದ್ದವು. ಅವುಗಳ ಮೇಲೆ ಇನ್ನೊಂದು ಮುಷ್ಟಿ ಬಿಗಿದುಕೊಂಡಿತ್ತು. ಕಣ್ಣಿಗೆ ಕಾಣದ್ದು, ತಣ್ಣಗಿರುವುದು. ಗಟ್ಟಿಯಾದ ಒಂದು ಹೆಬ್ಬೆರಳು ನನ್ನ ಅಂಗೈಗೆ ತಾಗಿತು...

ನಾನು ಕೈ ಹಿಂದೆಗೆದುಕೊಂಡೆ.

ಬೆಳಗಿನ ಜಾವ ಕೃಷ್ಣೆಯ ಸ್ನಾನಘಟ್ಟಕ್ಕೆ ಹೋದೆವು. ಅವನೂ ಹಿಂದೆಯೇ ಬಂದ, ಯಾರೂ ಕರೆದಿರಲಿಲ್ಲ. ಪುರೋಹಿತರು ಮಂತ್ರ ಹೇಳುವಾಗ ಮೆಟ್ಟಿಲ ಮೇಲೆ ಖಾಲಿ ಬ್ಯಾಗ್ ಹಿಡಿದು ನಿಂತಿದ್ದ. ಮಾವಯ್ಯ ಅವನ ಕೈಯನ್ನೇ ನೋಡುತ್ತಾ ನನ್ನ ಕಿವಿಯ ಹತ್ತಿರ ಪಿಸುಗುಟ್ಟಿದರು. "ಅಂಗಡಿಯಲ್ಲಿ ಒಬ್ಬ ಸೀರೆ ಕದ್ದಾಗ ನಮ್ಮಕ್ಕ ಅವನ ಕೈ ಹಿಡಿದಿದ್ದಳಮ್ಮಾ. ಅವನ ಅಪ್ಪ ಬಂದು ಕಾಲಿಗೆ ಬಿದ್ದರೂ ಬಿಡಲಿಲ್ಲ. ಕೊನೆಗೆ ನಾವು ಬಿಡಿಸಬೇಕಾಯ್ತು."

ಅಸ್ಥಿ ನೀರಿಗೆ ಸೇರಿತು. ತಂಬಿಗೆ ಒಂದು ಸುತ್ತು ಸುತ್ತಿ ಮುಳುಗಿತು. ಇನ್ನು ಮುಗಿಯಿತು ಎಂದುಕೊಂಡು ಅವನ ಕಡೆ ನೋಡಿದೆ. ಅವನೂ ತನ್ನ ಕೈಯನ್ನೇ ನೋಡುತ್ತಿದ್ದ. ಮುಷ್ಟಿ ಹಾಗೇ ಇತ್ತು.

ಮಾವಯ್ಯ ಕತ್ತರಿ ತಂದು ಬ್ಯಾಗಿನ ಹಿಡಿ ಕತ್ತರಿಸಿ ಅವನನ್ನು ಕಳಿಸಿದರು. ಅವನು ಸಿಕ್ಕನೆಂದು ಪೊಲೀಸರಿಗೆ ಹೇಳಬೇಕೆ ಎಂದು ನಾನು ಕೇಳಿದ್ದಕ್ಕೆ ನಮ್ಮವರು, "ಬ್ಯಾಡ, ಪೊಲೀಸರಾದ್ರ ಬಿಟ್ಟುಬಿಡ್ತಾರ" ಅಂದರು. ಆಗ ನನಗೆ ಆ ಮಾತು ಪೂರ್ತಿ ಅರ್ಥವಾಗಲಿಲ್ಲ.

ವಿಶಾಖಪಟ್ಟಣಕ್ಕೆ ವಾಪಸ್ ಬಂದು ಕೆಲಸಕ್ಕೆ ಹೋಗತೊಡಗಿದೆವು. ಗಾಜು ಹೊಸದಾಯಿತು. ಗಂಜಿ ವಾಸನೆ ಮಾತ್ರ ಹೋಗಲಿಲ್ಲ. ನಾನು ಒಬ್ಬಳೇ ಕಾರು ಓಡಿಸುವಾಗ ಎಷ್ಟೋ ಸಲ ಟಿಂಗ್ ಎನ್ನುತ್ತಿತ್ತು. ಸರ್ವೀಸ್ ಸೆಂಟರಿನವರು ಸೆನ್ಸರ್ ಸರಿಯಾಗಿದೆ, ಹಿಂದೆ ಭಾರ ತೋರಿಸುತ್ತಿದೆ ಅಂದರು.

ಕೆಲವು ತಿಂಗಳು ಕಳೆದಿದ್ದವು. ಒಂದು ಸಂಜೆ ಊಟ ಬಡಿಸುತ್ತಿದ್ದೆ. ಫೋನ್ ಗುಂಯ್ ಎಂದಿತು. ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಪಾರ್ಕಿಂಗ್. ಕಾರಿನ ಹಿಂದಿನ ಬಾಗಿಲ ಬಳಿ ಒಬ್ಬ ನಿಂತಿದ್ದ. ಅರ್ಧಕ್ಕರ್ಧ ಸಣ್ಣಗಾಗಿದ್ದ, ಮೊದಲು ಗುರುತೇ ಸಿಗಲಿಲ್ಲ. ಬಲ ಮುಷ್ಟಿಯಿಂದ ಬ್ಯಾಗಿನ ಹಿಡಿಯ ಕಪ್ಪು ತುಂಡು ಹೊರಗೆ ಇಣುಕುತ್ತಿತ್ತು. ಬೆರಳುಗಳು ಕಪ್ಪಿಟ್ಟಿದ್ದವು.

ವಿಜಯವಾಡದಿಂದ ನಮ್ಮ ಮನೆ ಹುಡುಕಿಕೊಂಡು ಹೇಗೆ ಬಂದ, ಯಾರು ದಾರಿ ತೋರಿಸಿದರು, ನನಗೆ ಗೊತ್ತಿಲ್ಲ.

ಅವನು ಎಡಗೈಯನ್ನು ಗಾಜಿಗೆ ಒತ್ತಿ ಖಾಲಿ ಸೀಟಿಗೆ ಗೋಗರೆಯುತ್ತಿದ್ದ. "ದಿಗಂಡಮ್ಮಾ... ದಿಗಂಡಮ್ಮಾ..." ಇಳೀರಮ್ಮಾ, ಇಳೀರಮ್ಮಾ.

"ರೀ, ಸಾಕ್ರಿ" ಅಂದೆ. "ಅವನ ಕೈ ಹೋಗಿಬಿಟ್ಟೈತಿ. ನೀವು ಒಂದು ಮಾತು ಹೇಳ್ರಿ."

"ಯಾರಿಗೆ?"

"ನಿಮ್ಮಮ್ಮಗೆ."

ನಮ್ಮವರು ಅನ್ನದ ಗುಂಡಿಗೆ ಸಾರು ಹಾಕಿಕೊಂಡರು. "ನನ್ನ ಮಾತು ಅಮ್ಮ ಯಾವಾಗ ಮೀರ್‍ಯಾಳ?" ಅಂದರು. "ಅದಕ್ಕ ಹೇಳೋದಿಲ್ಲ."

ಸ್ಕ್ರೀನಿನಲ್ಲಿ ಕಾರಿನ ಹಿಂದಿನ ಬಾಗಿಲು ತಾನಾಗಿ ತೆರೆಯಿತು. ಲಾಕ್ ಮಾಡಿದ್ದೆ, ಕೀ ನಮ್ಮ ಹತ್ತಿರವೇ ಇತ್ತು. ಅವನು ಎರಡು ಹೆಜ್ಜೆ ಪಕ್ಕಕ್ಕೆ ಸರಿದ, ವಯಸ್ಸಾದವರು ಇಳಿಯುವಾಗ ಜಾಗ ಬಿಡುವ ಹಾಗೆ. ಸರಬರ ಸದ್ದು ಫೋನಿನಲ್ಲೂ ಕೇಳಿಸಿತು. ಅವನ ಮುಷ್ಟಿ ಗಾಳಿಯಲ್ಲಿ ಸ್ವಲ್ಪ ಮೇಲೆದ್ದಿತು. ಹಾಗೇ ಗೇಟಿನ ಕಡೆ ನಡೆದ, ಪಕ್ಕದಲ್ಲಿ ಒಬ್ಬರಿಗಾಗುವಷ್ಟು ಜಾಗ ಬಿಟ್ಟು.

ನಮ್ಮವರು ಯಾವಾಗ ಎದ್ದು ನನ್ನ ಹೆಗಲ ಹಿಂದೆ ಬಂದರೋ ತಿಳಿಯಲಿಲ್ಲ. ಎಂಜಲು ಕೈಯಲ್ಲೇ ಬಗ್ಗಿ, ಫೋನಿನ ಹತ್ತಿರ ಬಾಯಿ ತಂದು, ಪ್ರೀತಿಯಿಂದ ಹೇಳಿದರು.

"ಜಾಗ್ರತ್ತಗಾ ವೆಳ್ಳಿರಾ ಅಮ್ಮಾ."

ಹುಷಾರಾಗಿ ಹೋಗಿ ಬಾ ಅಂತ. ಈಗಲೂ ಕೆಳಗಿನ ಪಾರ್ಕಿಂಗಿನಿಂದ ಅಲರ್ಟ್ ಬಂದರೆ ಅವರು ಫೋನ್ ನೋಡುವುದೇ ಇಲ್ಲ. ಎದ್ದು ಹೋಗಿ ಮನೆಯ ಮುಂಬಾಗಿಲಿನ ಚಿಲಕ ತೆಗೆದಿಡುತ್ತಾರೆ.